ಎವರೆಸ್ಟ್ ಲೆಕ್ಕ ಹಾಕಿದ ಕಂಪ್ಯೂಟರ್, ಬೀಡಿ ಕಟ್ಟಿದ ಚಿಕ್ಕಮ್ಮ

ಕೇರಳದ ಏಳನೇ ತರಗತಿಯ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಪುಸ್ತಕದಲ್ಲಿ 2024ರಿಂದ ಕೃತಕ ಬುದ್ಧಿಮತ್ತೆಯ ಪಾಠವಿದೆ. ಪುಸ್ತಕ ಕನ್ನಡದಲ್ಲೂ ಇರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಮುಖದ ಭಾವ ಗುರುತಿಸುವ ಪ್ರೋಗ್ರಾಂ ತಾವೇ ಮಾಡಿ ನೋಡುತ್ತಾರೆ. ನಕ್ಕರೆ ನಗು, ಮುಖ ಸಿಂಡರಿಸಿದರೆ ಸಿಟ್ಟು ಎಂದು ಕಂಪ್ಯೂಟರ್ ಹೇಳುತ್ತದೆ. ನೆರೆಮನೆಯ ಹುಡುಗಿ ಇದನ್ನೆಲ್ಲ ನನಗೆ ವಿವರಿಸಿ ಕೊನೆಗೆ ಕೇಳಿದಳು: "ಸಿಟ್ಟು ಅಂದರೆ ಹೀಗಿರುತ್ತದೆ ಅಂತ ಅದಕ್ಕೆ ಮೊದಲು ಹೇಳಿಕೊಟ್ಟದ್ದು ಯಾರು ಮಾಮ?"

ಗಣಕದ ಸಾಮಾಜಿಕ ಇತಿಹಾಸವನ್ನು ಅಧ್ಯಯನ ಮಾಡುವ ವಿದ್ವಾಂಸರು ಕೇಳುವುದೂ ಇದನ್ನೇ. ಯಂತ್ರ ಯಾವ ವರ್ಷ ಬಂತು ಎಂಬುದಕ್ಕಿಂತ ಅದರ ಹಿಂದೆ ದುಡಿದವರು ಯಾರು, ಅವರಿಗೆ ಸಿಕ್ಕಿದ್ದೆಷ್ಟು, ಅವರ ಹೆಸರು ಎಲ್ಲಿ ಹೋಯಿತು ಎಂದು ಅವರು ಹುಡುಕುತ್ತಾರೆ.

ಕಂಪ್ಯೂಟರ್ ಎನ್ನುವುದು ಮೊದಲು ಲೆಕ್ಕ ಹಾಕುವ ಮನುಷ್ಯರ ಹುದ್ದೆಯಾಗಿತ್ತು. ಬಂಗಾಳದ ರಾಧಾನಾಥ ಸಿಕ್ದರ್ 1831ರಲ್ಲಿ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಸೇರಿದ್ದು ಆ ಹುದ್ದೆಗೇ. ದೂರದ ಠಾಣೆಗಳಿಂದ ಅಳೆದು ತಂದ ಕೋನಗಳನ್ನು ಕೂಡಿಸಿ, ಬೆಳಕು ಗಾಳಿಯಲ್ಲಿ ಬಾಗುವುದನ್ನೂ ಲೆಕ್ಕಕ್ಕೆ ಹಿಡಿದು ಶಿಖರಗಳ ಎತ್ತರ ಕಂಡುಹಿಡಿಯಬೇಕಿತ್ತು. 15ನೇ ಶಿಖರ ಎಂದಷ್ಟೇ ಕರೆಯುತ್ತಿದ್ದ ಬೆಟ್ಟದ ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. ಆ ಲೆಕ್ಕದ ಹಿಂದಿದ್ದ ಮುಖ್ಯ ಕಂಪ್ಯೂಟರ್ ಸಿಕ್ದರ್; ಬೆಟ್ಟಕ್ಕೆ ಉಳಿದದ್ದು ಹಿಂದಿನ ಸರ್ವೇಯರ್ ಜನರಲ್ ಜಾರ್ಜ್ ಎವರೆಸ್ಟ್ ಹೆಸರು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಈ ಕೆಲಸ ಹೆಚ್ಚಾಗಿ ಹೆಂಗಸರದ್ದಾಗಿತ್ತು. ಫಿರಂಗಿ ಗುಂಡಿನ ಒಂದೇ ಒಂದು ಪಥವನ್ನು ಕೈಲೆಕ್ಕದಲ್ಲಿ ಬಿಡಿಸಲು 30 ಗಂಟೆಗೂ ಮಿಕ್ಕಿ ಬೇಕಿತ್ತು. ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರ ಅದನ್ನು ಅರ್ಧ ನಿಮಿಷದೊಳಗೆ ಮುಗಿಸಿತು. ಆದರೆ ಅದಕ್ಕೆ ತಂತಿ ಜೋಡಿಸಿ, ಸ್ವಿಚ್ಚು ತಿರುಗಿಸಿ ಲೆಕ್ಕ ಕಲಿಸಿದವರು ಅದೇ ಕಂಪ್ಯೂಟರ್ ಹೆಂಗಸರಲ್ಲಿ ಆರು ಮಂದಿ. 1946ರ ಫೆಬ್ರವರಿಯಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದ ರಾತ್ರಿಯ ಔತಣಕ್ಕೆ ಅವರನ್ನು ಕರೆಯಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1956 ಎಂದರೆ ಕಾಸರಗೋಡಿನವರಿಗೆ ನೆನಪಾಗುವುದು ಕೇರಳಕ್ಕೆ ಸೇರಿದ ನವೆಂಬರ್ 1. ಅದೇ ವರ್ಷದ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೃತಕ ಬುದ್ಧಿಮತ್ತೆಯ ಮೊದಲ ಕಮ್ಮಟ ನಡೆಯಿತು. ಆ ಹೆಸರು ಹುಟ್ಟಿದ್ದು ಹಿಂದಿನ ವರ್ಷ ಗಣಿತಜ್ಞ ಜಾನ್ ಮೆಕಾರ್ಥಿ ಮತ್ತು ಜೊತೆಗಾರರು ಕಮ್ಮಟಕ್ಕಾಗಿ ಹಣ ಕೇಳಿ ಬರೆದ ಅರ್ಜಿಯಲ್ಲಿ. ಇತಿಹಾಸಕಾರರಿಗೆ ಇಂಥ ಅರ್ಜಿಗಳು ಬಹಳ ಮುಖ್ಯ.

ಇನ್ನು ಹುಡುಗಿಯ ಪ್ರಶ್ನೆ. ಚಿತ್ರ ಗುರುತಿಸಲು ಯಂತ್ರಕ್ಕೆ ಕಲಿಸಬೇಕಾದರೆ "ಇದು ನಾಯಿ", "ಇದು ಕುರ್ಚಿ" ಎಂದು ಹೆಸರು ಹಚ್ಚಿದ ಚಿತ್ರಗಳು ರಾಶಿ ರಾಶಿ ಬೇಕು. ಗಣಕ ವಿಜ್ಞಾನಿ ಫೇ-ಫೇ ಲಿ ಅವರ ತಂಡ 2009ರಲ್ಲಿ ಮುಂದಿಟ್ಟ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹ ಬೆಳೆದು 1.4 ಕೋಟಿ ಚಿತ್ರಗಳಾದವು. ಅವುಗಳ ಹೆಸರನ್ನು ತಾಳೆ ನೋಡಿದವರು ಅಮೆಜಾನ್ ಮೆಕ್ಯಾನಿಕಲ್ ಟರ್ಕ್ ಎಂಬ ಜಾಲತಾಣದ ಮೂಲಕ ಬಿಡಿ ಬಿಡಿಯಾಗಿ ಕೂಲಿ ಪಡೆದ ಸಾವಿರಾರು ಮಂದಿ. ಆ ತಾಣದ ಹೆಸರು ಬಂದದ್ದು 1770ರ ಒಂದು ಚದುರಂಗದ 'ಯಂತ್ರ'ದಿಂದ. ಪಗಡಿ ಸುತ್ತಿದ ಬೊಂಬೆ ಆಡುವಂತೆ ಕಾಣುತ್ತಿತ್ತು. ಆಡುತ್ತಿದ್ದದ್ದು ಪೆಟ್ಟಿಗೆಯೊಳಗೆ ಅಡಗಿ ಕುಳಿತ ಮನುಷ್ಯ.

ಈ ಕೂಲಿಯ ರೀತಿ ನಮ್ಮೂರಿಗೆ ಹೊಸತಲ್ಲ. ನನ್ನ ಚಿಕ್ಕಮ್ಮ ಜಗಲಿಯಲ್ಲಿ ಕೂತು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆಯನ್ನು ಅಚ್ಚಿಟ್ಟು ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹಾಕಿ ಸುತ್ತಿ, ನೂಲು ಬಿಗಿದು, ಬಾಯಿ ಮಡಚುವುದು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕಟ್ಟುಗಳನ್ನು ಬಿಚ್ಚಿ ಒತ್ತಿ ನೋಡಿ, ಸಪೂರ ಇದೆ, ಸಡಿಲ ಇದೆ ಎಂದು ಬದಿಗೆ ಹಾಕಿದ್ದಕ್ಕೆ ದುಡ್ಡಿಲ್ಲ. ಮೆಕ್ಯಾನಿಕಲ್ ಟರ್ಕ್‌ನಲ್ಲೂ ಕೆಲಸ ಕೊಟ್ಟವರು ಸರಿಯಿಲ್ಲ ಎಂದರೆ ಮುಗಿಯಿತು, ಆ ಕೂಲಿ ಇಲ್ಲ. ಚಿಕ್ಕಮ್ಮ ಬ್ರಾಂಚಿನವರ ಮುಖ ನೋಡಿ ಜಗಳವಾದರೂ ಆಡಬಹುದಿತ್ತು. ಅಕ್ಕಪಕ್ಕದ ಹೆಂಗಸರು ಜೊತೆಗಿರುತ್ತಿದ್ದರು. ಪರದೆಯ ಮುಂದೆ ಒಬ್ಬರೇ ಕೂತವರಿಗೆ ಆಚೆ ಬದಿಯಲ್ಲಿ ಯಾರಿದ್ದಾರೆಂದೇ ಕಾಣದು.

ಹುಡುಗಿಗೆ ಇಷ್ಟನ್ನೂ ಹೇಳಿ, ಅಟ್ಟದಿಂದ ಚಿಕ್ಕಮ್ಮನ ಬೀಡಿ ಪುಸ್ತಕ ತಂದು ತೋರಿಸಿದೆ. ತಾರೀಕು, ಕೊಟ್ಟ ಎಲೆ, ತಂದ ಬೀಡಿ, ಬದಿಗೆ ಹಾಕಿದ್ದು, ಕೈಗೆ ಬಂದ ಹಣ. ಅವಳು ಪುಟ ತಿರುಗಿಸುತ್ತಾ ಬದಿಗೆ ಹಾಕಿದ್ದನ್ನು ಮಾತ್ರ ಬೆರಳಿಟ್ಟು ಕೂಡಿಸತೊಡಗಿದಳು.