ಮೌನ ಸಮ್ಮತಿ ಎಂದರೆ ಯಾವ ಮೌನ?

ಅಂತಾರಾಷ್ಟ್ರೀಯ ಕಾನೂನಿನಲ್ಲಿ ‘ಅಕ್ವಿಯೆಸೆನ್ಸ್’ ಎಂಬ ಪದವೊಂದಿದೆ. ಕನ್ನಡದಲ್ಲಿ ಅದನ್ನು ‘ಮೌನ ಸಮ್ಮತಿ’ ಎನ್ನಬಹುದು. ಒಂದು ರಾಷ್ಟ್ರಕ್ಕೆ ಸೇರಿದ ಅಥವಾ ಸೇರಿರಬಹುದಾದ ನೆಲದಲ್ಲಿ ನೆರೆಯ ರಾಷ್ಟ್ರವು ಬಹಿರಂಗವಾಗಿ ಒಡೆಯನಂತೆ ನಡೆದುಕೊಳ್ಳುತ್ತಿರುವಾಗ, ಮೊದಲಿನ ರಾಷ್ಟ್ರವು ಅದನ್ನು ತಿಳಿದೂ ಆಕ್ಷೇಪವೆತ್ತದೆ ಬಹುಕಾಲ ಸುಮ್ಮನಿದ್ದರೆ, ಆ ಸುಮ್ಮನಿರುವಿಕೆಯನ್ನೇ ಒಪ್ಪಿಗೆಯೆಂದು ನ್ಯಾಯಾಲಯವು ಪರಿಗಣಿಸಬಹುದು ಎಂಬುದು ಈ ಪದದ ತಿರುಳು. ಜನವಸತಿಯಿಲ್ಲದ ಸಣ್ಣ ದ್ವೀಪಗಳಿಗಾಗಿ ನಡೆಯುವ ವ್ಯಾಜ್ಯಗಳಲ್ಲಿ ಈ ಪದ ಮತ್ತೆ ಮತ್ತೆ ಎದುರಾಗುತ್ತದೆ. ಅಂಥ ಕಡೆ ಕಂದಾಯದ ದಾಖಲೆಯಾಗಲಿ, ಸಾಕ್ಷಿ ಹೇಳುವ ಪ್ರಜೆಗಳಾಗಲಿ ಇರುವುದಿಲ್ಲ. ಇರುವುದು ಯಾರು ಏನು ಮಾಡಿದರು ಮತ್ತು ಅದನ್ನು ಕಂಡು ಯಾರು ಏನು ಹೇಳಿದರು ಎಂಬುದಷ್ಟೆ.

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಊರ ಪಂಚಾಯಿತಿಯವರೆಗೆ ನಾವೆಲ್ಲರೂ ಕೇಳಿದ್ದೇವೆ. ಹಾಗಾಗಿ ಈ ಪದ ಕೇಳಿದ ಕೂಡಲೇ ಅರ್ಥವಾದಂತೆ ತೋರುತ್ತದೆ, ಮತ್ತು ತಪ್ಪು ತಿಳಿವಳಿಕೆ ಹುಟ್ಟುವುದೂ ಅಲ್ಲಿಯೇ. ನಮ್ಮ ಬಳಕೆಯ ಮಾತಿನಲ್ಲಿ ಯಾವ ಷರತ್ತೂ ಇಲ್ಲ. ಬಾಯಿ ಬಿಡದವರು ಒಪ್ಪಿದಂತೆಯೇ ಎಂದು ಅದು ತೀರ್ಮಾನಿಸಿಬಿಡುತ್ತದೆ. ನ್ಯಾಯಾಲಯಗಳು ಆಧರಿಸುವ ಲ್ಯಾಟಿನ್ ಸೂತ್ರವಾದರೋ ಎರಡು ಷರತ್ತುಗಳನ್ನು ಹೊತ್ತಿದೆ: ಮಾತಾಡಬೇಕಾಗಿದ್ದೂ, ಮಾತಾಡಬಹುದಾಗಿದ್ದೂ ಸುಮ್ಮನಿದ್ದವನು ಒಪ್ಪಿದನೆಂದು ತೋರುತ್ತದೆ. ಈ ಎರಡು ಷರತ್ತುಗಳನ್ನು ಬಿಟ್ಟರೆ ಪದದ ಅರ್ಥವೇ ಕೆಡುತ್ತದೆ, ದುರ್ಬಲರ ಮೇಲಿನ ಪ್ರತಿಯೊಂದು ಅತಿಕ್ರಮಣವೂ ಸಮ್ಮತಿಯ ವೇಷ ತೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೇಗ್ ನಗರದಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯವು ಈ ಸೂತ್ರವನ್ನು ಉದ್ಧರಿಸಿದ್ದು 1962ರ ಜೂನ್ 15ರಂದು, ಕಾಂಬೋಡಿಯಾ ಮತ್ತು ಥಾಯ್ಲೆಂಡ್ ನಡುವಿನ ಪ್ರೀಯ ವಿಹಾರ್ ದೇವಾಲಯದ ತೀರ್ಪಿನಲ್ಲಿ. 1904ರ ಒಪ್ಪಂದದಂತೆ ಗಡಿಯು ಜಲವಿಭಾಜಕ ರೇಖೆಯನ್ನು ಅನುಸರಿಸಬೇಕಿತ್ತು. ಆದರೆ ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರೆಂಚ್ ಅಧಿಕಾರಿಗಳು ಸಿದ್ಧಪಡಿಸಿದ ನಕ್ಷೆಯಲ್ಲಿ ದೇವಾಲಯವು ಕಾಂಬೋಡಿಯಾದ ಕಡೆಗೆ ಸೇರಿತ್ತು. 1908ರಲ್ಲಿ ಆ ನಕ್ಷೆ ಸಯಾಮಿನ (ಥಾಯ್ಲೆಂಡಿನ ಹಳೆಯ ಹೆಸರು) ಅಧಿಕಾರಿಗಳ ಕೈಗೆ ಬಂದಾಗ ಅವರು ಆಕ್ಷೇಪಿಸಲಿಲ್ಲ. ಧನ್ಯವಾದ ಹೇಳಿ ಇನ್ನೂ ಹದಿನೈದು ಪ್ರತಿಗಳನ್ನು ಕೇಳಿದರು. 1930ರಲ್ಲಿ ಸಯಾಮಿನ ರಾಜಕುಮಾರ ದಾಮ್ರೋಂಗ್ ದೇವಾಲಯಕ್ಕೆ ಬಂದಾಗ ಫ್ರೆಂಚ್ ಅಧಿಕಾರಿಯೇ ಫ್ರಾನ್ಸಿನ ಧ್ವಜದಡಿಯಲ್ಲಿ ಅವರನ್ನು ಬರಮಾಡಿಕೊಂಡರು. ಆಗಲೂ ಸಯಾಮ್ ಏನನ್ನೂ ಹೇಳಲಿಲ್ಲ. ದೇವಾಲಯವು ಕಾಂಬೋಡಿಯಾದ್ದೆಂದು ನ್ಯಾಯಾಲಯವು 9–3 ಮತಗಳಿಂದ ತೀರ್ಮಾನಿಸಿತು.

ಈ ಪದದ ಒಳಹೊರಗನ್ನು ಪೂರ್ಣವಾಗಿ ತೋರಿಸುವ ಪ್ರಕರಣ ಮಾತ್ರ ಸಮುದ್ರದ ನಡುವಿನದು, ಸಿಂಗಪುರ ಮತ್ತು ಮಲೇಷ್ಯಾ ಅದೇ ನ್ಯಾಯಾಲಯದ ಮುಂದೆ ಒಯ್ದ ವ್ಯಾಜ್ಯ. ಸಿಂಗಪುರ ಜಲಸಂಧಿಯ ಪೂರ್ವದ ಬಾಯಿಯಲ್ಲಿ, ಅದು ದಕ್ಷಿಣ ಚೀನಾ ಸಮುದ್ರಕ್ಕೆ ತೆರೆದುಕೊಳ್ಳುವ ಕಡೆ, ಗ್ರಾನೈಟ್ ಕಲ್ಲಿನ ಒಂದು ನಡುಗಡ್ಡೆಯಿದೆ. ಅದರ ಉದ್ದ 137 ಮೀಟರ್, ಸರಾಸರಿ ಅಗಲ 60 ಮೀಟರ್. ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ನೆಲ ಸುಮಾರು 8,560 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಎಕರೆ ನಾಲ್ಕೈದು ಗುಂಟೆ. ಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗೆ ಕಾಣುತ್ತಿದ್ದುದರಿಂದ ಪೋರ್ಚುಗೀಸರು ಅದನ್ನು ‘ಪೆಡ್ರಾ ಬ್ರಾಂಕಾ’ ಎಂದರು. ಮಲಯ ಭಾಷೆಯಲ್ಲಿ ಅದು ‘ಪುಲಾವ್ ಬಾಟು ಪುಟೆ’. ಎರಡರಲ್ಲೂ ಇರುವುದು ಬಿಳಿಗಲ್ಲು ಎಂಬ ಅರ್ಥವೇ. ಸಿಂಗಪುರಕ್ಕೆ ಇದು 24 ನಾಟಿಕಲ್ ಮೈಲಿ ದೂರ. ಮಲೇಷ್ಯಾದ ಜೋಹೋರ್ ಕರಾವಳಿಗೆ 7.7 ನಾಟಿಕಲ್ ಮೈಲಿ ಮಾತ್ರ. ಭೂಪಟವನ್ನಷ್ಟೇ ನೋಡಿದವರು ಇದು ಮಲೇಷ್ಯಾದ್ದೆಂದೇ ಹೇಳಿಯಾರು. ಹತ್ತಿರವಿರುವುದೊಂದೇ ಒಡೆತನವನ್ನು ತಂದುಕೊಡುವುದಿಲ್ಲ ಎಂಬುದು 1928ರಲ್ಲಿ ಪಾಲ್ಮಾಸ್ ದ್ವೀಪದ ವ್ಯಾಜ್ಯದಲ್ಲಿ ಮಧ್ಯಸ್ಥಗಾರ ಮ್ಯಾಕ್ಸ್ ಹ್ಯೂಬರ್ ಕೊಟ್ಟ ತೀರ್ಪಿನಿಂದಲೇ ಸ್ಥಿರವಾಗಿತ್ತು.

ಜಲಸಂಧಿಯಲ್ಲಿ ಹಡಗುಗಳಿಗೆ ದಾರಿ ತೋರಲೆಂದು ಬ್ರಿಟಿಷರು ಈ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟಿದರು. ಈಸ್ಟ್ ಇಂಡಿಯಾ ಕಂಪನಿಯ ಜಲಮಾರ್ಗ ನಕ್ಷೆಗಾರನಾಗಿದ್ದ ಜೇಮ್ಸ್ ಹಾರ್ಸ್‌ಬರ್ಗ್‌ನ ನೆನಪಿಗೆ ಅವನ ಹೆಸರನ್ನಿಟ್ಟ ಆ ಸ್ತಂಭದ ಕೆಲಸ 1850ರಲ್ಲಿ ಆರಂಭವಾಗಿ ಮರುವರ್ಷ ಮುಗಿಯಿತು. ಕಟ್ಟಿಸಿದವನು ಸಿಂಗಪುರದ ಸರ್ಕಾರಿ ಸರ್ವೇಯರ್ ಜಾನ್ ಟರ್ನ್‌ಬುಲ್ ಥಾಮ್ಸನ್. ಆಗ ಈ ಬಂಡೆ ಯಾರದ್ದಾಗಿತ್ತು? ಸಿಂಗಪುರದ ವಾದದಂತೆ ಅದು ಯಾರಿಗೂ ಸೇರದ ನೆಲವಾಗಿತ್ತು. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಈ ಜಲಸಂಧಿಯ ದ್ವೀಪಗಳ ನಡುವೆ ದೋಣಿಗಳಲ್ಲಿ ಬದುಕುತ್ತಿದ್ದ ‘ಓರಾಂಗ್ ಲಾವುಟ್’ ಎಂಬ ಕಡಲಜನರು ಜೋಹೋರಿನ ಸುಲ್ತಾನನಿಗೆ ನಿಷ್ಠರಾಗಿದ್ದರೆಂಬುದನ್ನು ಗಮನಿಸಿ, ಮೂಲ ಒಡೆತನ ಜೋಹೋರಿನದೇ ಎಂದು ಅದು ಹೇಳಿತು. 1824ರಲ್ಲಿ ಸುಲ್ತಾನನು ಕಂಪನಿಗೆ ಬಿಟ್ಟುಕೊಟ್ಟದ್ದು ಸಿಂಗಪುರ ದ್ವೀಪವನ್ನು ಮತ್ತು ಅದರ ಸುತ್ತ ಹತ್ತು ಮೈಲಿಯೊಳಗಿನ ನಡುಗಡ್ಡೆಗಳನ್ನು ಮಾತ್ರ. ಬಿಳಿಗಲ್ಲು ಆ ಎಲ್ಲೆಯಾಚೆಗಿತ್ತು. ಮಲೇಷ್ಯಾದ ವಾದ ಇಲ್ಲಿಯವರೆಗೆ ಗಟ್ಟಿಯಾಗಿಯೇ ನಿಂತಿತ್ತು ಎಂಬುದನ್ನು ಓದುಗರು ನೆನಪಿಡಬೇಕು, ಏಕೆಂದರೆ ಮೌನ ಸಮ್ಮತಿಯ ನಿಜವಾದ ಬಲ ಕಾಣುವುದು ಒಡೆತನವೇ ಇಲ್ಲದವನ ವಿಷಯದಲ್ಲಲ್ಲ, ಒಡೆಯನಾಗಿದ್ದವನ ವಿಷಯದಲ್ಲಿ.

ದೀಪಸ್ತಂಭ ನಡೆಸಿದ ಮಾತ್ರಕ್ಕೆ ಬಂಡೆ ಸಿಂಗಪುರದ್ದಾಗಲಿಲ್ಲ. ಪರರ ನೆಲದಲ್ಲಿ ಅನುಮತಿ ಪಡೆದು ದೀಪ ಹಚ್ಚುವುದು ಈ ಕಡಲಿನಲ್ಲಿ ಹೊಸದೇನೂ ಅಲ್ಲ. ಮಲೇಷ್ಯಾಕ್ಕೆ ಸೇರಿದ ಪುಲಾವ್ ಪಿಸಾಂಗ್ ದ್ವೀಪದ ದೀಪಸ್ತಂಭವನ್ನೂ ಸಿಂಗಪುರವೇ ನಡೆಸುತ್ತದೆ. ತೂಕ ಬದಲಾಗತೊಡಗಿದ್ದು ಒಂದು ಪತ್ರದಿಂದ. 1953ರ ಜೂನ್ 12ರಂದು ಸಿಂಗಪುರದ ವಸಾಹತು ಕಾರ್ಯದರ್ಶಿಯ ಕಚೇರಿಯಿಂದ ಜೋಹೋರಿಗೆ ವಿಚಾರಣೆಯೊಂದು ಹೋಯಿತು: ಈ ಬಂಡೆಯ ಸ್ಥಾನಮಾನವೇನು, ಅದನ್ನು ಗುತ್ತಿಗೆಗೆ ಕೊಟ್ಟ ಅಥವಾ ಬಿಟ್ಟುಕೊಟ್ಟ ದಾಖಲೆಯೇನಾದರೂ ಇದೆಯೇ ಎಂದು. ಸೆಪ್ಟೆಂಬರ್ 21ರಂದು ಜೋಹೋರಿನ ಹಂಗಾಮಿ ರಾಜ್ಯ ಕಾರ್ಯದರ್ಶಿ ಉತ್ತರಿಸಿದರು: ಜೋಹೋರ್ ಸರ್ಕಾರವು ಪೆಡ್ರಾ ಬ್ರಾಂಕಾದ ಒಡೆತನವನ್ನು ಕೇಳುವುದಿಲ್ಲ. ಒಂದೇ ವಾಕ್ಯದ ಆ ಉತ್ತರಕ್ಕೆ ಕಾರಣವನ್ನೂ ಕೊಟ್ಟಿರಲಿಲ್ಲ.

ಆ ಬಳಿಕದ ಕಾಲು ಶತಮಾನದಲ್ಲಿ ನಡೆದದ್ದನ್ನು ನ್ಯಾಯಾಲಯ ಒಂದೊಂದಾಗಿ ಎತ್ತಿ ನೋಡಿತು. ಬಂಡೆಯ ಸುತ್ತಣ ನೀರಿನಲ್ಲಿ ನಡೆದ ಹಡಗು ಅವಘಡಗಳನ್ನು ಸಿಂಗಪುರವೇ ತನಿಖೆ ಮಾಡಿತು. 1977ರಲ್ಲಿ ಅದು ಅಲ್ಲಿ ಸೇನಾ ಸಂಪರ್ಕ ಸಾಧನಗಳನ್ನು ಅಳವಡಿಸಿತು. 1978ರಲ್ಲಿ ಮಲೇಷ್ಯಾದ ಅಧಿಕಾರಿಗಳು ಸರ್ವೇಗಾಗಿ ಬಂಡೆಗೆ ಬಂದಾಗ ಸಿಂಗಪುರದ ಅನುಮತಿ ಬೇಕೆಂದು ಅವರಿಗೆ ಹೇಳಲಾಯಿತು, ಮಲೇಷ್ಯಾ ಅದಕ್ಕೆ ಎದುರಾಡಲಿಲ್ಲ. ಧ್ವಜದ ಸಂಗತಿಯಂತೂ ಎದ್ದು ಕಾಣುತ್ತದೆ. 1968ರಲ್ಲಿ ಮಲೇಷ್ಯಾವು ಪುಲಾವ್ ಪಿಸಾಂಗ್‌ನ ದೀಪಸ್ತಂಭದ ಮೇಲಿದ್ದ ಸಿಂಗಪುರದ ಧ್ವಜವನ್ನು ಇಳಿಸಬೇಕೆಂದು ಕೇಳಿತು, ಸಿಂಗಪುರ ಇಳಿಸಿತು. ಅದೇ ಧ್ವಜ ಬಿಳಿಗಲ್ಲಿನ ಮೇಲೂ ಹಾರುತ್ತಿತ್ತು, ಅದರ ಬಗ್ಗೆ ಮಲೇಷ್ಯಾ ಏನನ್ನೂ ಕೇಳಲಿಲ್ಲ. ಮಾತಾಡುವುದು ಅದಕ್ಕೆ ಗೊತ್ತಿತ್ತು, ಮಾತಾಡಿದರೆ ಫಲವಿದೆಯೆಂಬುದೂ ಗೊತ್ತಿತ್ತು. ಆದುದರಿಂದಲೇ ಈ ಒಂದು ಕಡೆಯ ಮೌನಕ್ಕೆ ಅರ್ಥ ಬಂದಿತು. ಇದರ ಮೇಲೆ, 1962ರಿಂದ 1975ರ ನಡುವೆ ಮಲಯ ಮತ್ತು ಮಲೇಷ್ಯಾದ ಸರ್ಕಾರಿ ಸರ್ವೇ ಇಲಾಖೆಯೇ ಪ್ರಕಟಿಸಿದ ಆರು ನಕ್ಷೆಗಳಲ್ಲಿ ಬಂಡೆಯ ಹೆಸರಿನ ಕೆಳಗೆ ‘ಸಿಂಗಪುರ’ ಎಂದು ಮುದ್ರಿತವಾಗಿತ್ತು.

ಮಲೇಷ್ಯಾ ಎಚ್ಚೆತ್ತದ್ದು 1979ರ ಡಿಸೆಂಬರ್ 21ರಂದು, ಬಂಡೆಯನ್ನು ತನ್ನ ಜಲಗಡಿಯೊಳಗೆ ತೋರಿಸುವ ನಕ್ಷೆಯನ್ನು ಪ್ರಕಟಿಸುವ ಮೂಲಕ. ಸಿಂಗಪುರ ಎರಡು ತಿಂಗಳೊಳಗೆ, 1980ರ ಫೆಬ್ರವರಿ 14ರಂದು, ಲಿಖಿತ ಪ್ರತಿಭಟನೆ ಸಲ್ಲಿಸಿತು. ಕಾನೂನಿನಲ್ಲಿ ಆ ದಿನಕ್ಕೆ ‘ನಿರ್ಣಾಯಕ ದಿನಾಂಕ’ ಎಂಬ ಹೆಸರಿದೆ: ವಿವಾದ ಅಂದು ಸ್ಪಷ್ಟ ರೂಪ ತಾಳಿತು, ಅದರ ನಂತರ ತಮ್ಮ ವಾದ ಬಲಪಡಿಸಲೆಂದು ಯಾರು ಏನು ಮಾಡಿದರೂ ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದು. 2003ರಲ್ಲಿ ಎರಡೂ ದೇಶಗಳು ಒಪ್ಪಿ ವ್ಯಾಜ್ಯವನ್ನು ಹೇಗ್‌ಗೆ ಒಯ್ದವು. 2008ರ ಮೇ 23ರಂದು ನ್ಯಾಯಾಲಯ 12–4 ಮತಗಳಿಂದ, 1980ರ ಹೊತ್ತಿಗೆ ಒಡೆತನ ಸಿಂಗಪುರಕ್ಕೆ ದಾಟಿತ್ತೆಂದು ತೀರ್ಪಿತ್ತಿತು. ಎದುರಿನ ರಾಷ್ಟ್ರದ ನಡೆಯು ಉತ್ತರವನ್ನು ಬೇಡುವಂತಿದ್ದರೆ ಮೌನವೂ ಮಾತಾಡುತ್ತದೆ ಎಂಬ ತತ್ವ ಆ ತೀರ್ಪಿನ ಹೃದಯದಲ್ಲಿದೆ. 2017ರಲ್ಲಿ ಮಲೇಷ್ಯಾ, ಬ್ರಿಟಿಷ್ ಪತ್ರಾಗಾರದಲ್ಲಿ ದೊರೆತ ದಾಖಲೆಗಳನ್ನು ಮುಂದಿಟ್ಟು ತೀರ್ಪಿನ ಪುನರ್ವಿಮರ್ಶೆ ಕೋರಿತು. 2018ರ ಮೇ ತಿಂಗಳಲ್ಲಿ, ಸರ್ಕಾರ ಬದಲಾದ ಬಳಿಕ, ಆ ಅರ್ಜಿಯನ್ನು ಹಿಂಪಡೆಯಿತು.

ಇಲ್ಲಿ ಎರಡು ನೆರೆಯ ಪದಗಳನ್ನು ಬೇರೆಯಾಗಿ ಇಡುವುದು ಅಗತ್ಯ. ಪರರ ಜಮೀನನ್ನು ಬಹುಕಾಲ ಬಹಿರಂಗವಾಗಿ ಅನುಭವಿಸಿ ಅದರ ಮೇಲೆ ಹಕ್ಕು ಪಡೆಯುವ, ನಮ್ಮ ಜಮೀನು ವ್ಯಾಜ್ಯಗಳಲ್ಲಿ ಕೇಳಿಬರುವ ‘ಪ್ರತಿಕೂಲ ಸ್ವಾಧೀನ’ಕ್ಕೆ 1963ರ ಕಾಲಮಿತಿ ಕಾಯ್ದೆಯಂತೆ ಖಾಸಗಿ ಆಸ್ತಿಯ ಮಟ್ಟಿಗೆ ಹನ್ನೆರಡು ವರ್ಷಗಳ ನಿಗದಿತ ಅವಧಿಯಿದೆ. ರಾಷ್ಟ್ರಗಳ ನಡುವೆ ಅಂಥ ನಿಗದಿತ ಅವಧಿಯಿಲ್ಲ. ಎಷ್ಟು ಕಾಲದ ಮೌನ ಸಾಕೆಂಬುದು ಎದುರಿನವರ ನಡೆ ಎಷ್ಟು ಢಾಳಾಗಿತ್ತು ಎಂಬುದನ್ನು ಅವಲಂಬಿಸುತ್ತದೆ. ಇನ್ನೊಂದು ಪದ ‘ಎಸ್ಟಾಪೆಲ್’. ಒಬ್ಬರ ಮಾತನ್ನು ನಂಬಿ ಇನ್ನೊಬ್ಬರು ಹೆಜ್ಜೆಯಿಟ್ಟು, ಈಗ ಮಾತು ತಪ್ಪಿದರೆ ನಷ್ಟ ಅನುಭವಿಸುವಂತಿದ್ದರೆ, ಮೊದಲಿನವರು ಮಾತು ಬದಲಿಸದಂತೆ ತಡೆಯುವ ನಿಯಮ ಅದು. 1953ರ ಪತ್ರದಿಂದ ಮಲೇಷ್ಯಾಕ್ಕೆ ಈ ತಡೆಯೂ ಅನ್ವಯಿಸುತ್ತದೆಂದು ಸಿಂಗಪುರ ವಾದಿಸಿತ್ತು. ಆದರೆ ಆ ಪತ್ರವನ್ನು ನಂಬಿ ಸಿಂಗಪುರ ಹೊಸದಾಗಿ ಮಾಡಿದ್ದೇನೂ ಇಲ್ಲ, ಹಿಂದಿನಿಂದ ಮಾಡುತ್ತಿದ್ದುದನ್ನೇ ಮುಂದುವರಿಸಿತು ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮೌನ ಸಮ್ಮತಿಯಲ್ಲಿ ನೋಡುವುದು ಎದುರಿನವರ ನಷ್ಟವನ್ನಲ್ಲ, ಸುಮ್ಮನಿದ್ದವರ ಒಪ್ಪಿಗೆಯನ್ನು.

ಭಾರತದ ಓದುಗರಿಗೆ ಕಚ್ಚತೀವು ನೆನಪಾಗುವುದು ಸಹಜ. ಆದರೆ ಆ 285 ಎಕರೆಯ ದ್ವೀಪ ಶ್ರೀಲಂಕಾದ ಪಾಲಾದದ್ದು 1974ರ ಲಿಖಿತ ಒಪ್ಪಂದದಿಂದ. ಅದರ ಸರಿತಪ್ಪುಗಳ ಚರ್ಚೆಯಲ್ಲಿ ಈ ಪದವನ್ನು ಎಳೆದು ತರಬೇಕಿಲ್ಲ.

‘ಮಾತಾಡಬಹುದಾಗಿದ್ದೂ’ ಎಂಬ ಷರತ್ತು ಎಷ್ಟು ಮುಖ್ಯವೆಂಬುದನ್ನು ತೋರಿಸುವ ವಿವಾದ ಕೊರಿಯಾ ಮತ್ತು ಜಪಾನ್ ನಡುವಿನದು. ಕೊರಿಯನ್ನರು ದೋಕ್ದೋ ಎಂದೂ ಜಪಾನೀಯರು ತಾಕೆಶಿಮಾ ಎಂದೂ ಕರೆಯುವ ಬಂಡೆದ್ವೀಪಗಳನ್ನು ಜಪಾನ್ 1905ರ ಫೆಬ್ರವರಿ 22ರಂದು ತನ್ನ ಶಿಮಾನೆ ಪ್ರಾಂತ್ಯಕ್ಕೆ ಸೇರಿಸಿಕೊಂಡಿತು. ಆಗ ಕೊರಿಯಾ ಪ್ರತಿಭಟಿಸಲಿಲ್ಲ ಎಂಬುದು ಜಪಾನಿನ ಪರವಾಗಿ ಎತ್ತಲಾಗುವ ವಾದಗಳಲ್ಲೊಂದು. ಈ ಸೇರ್ಪಡೆಯ ಸುದ್ದಿ ಕೊರಿಯಾದ ಅಧಿಕಾರಿಗಳಿಗೆ ತಿಳಿದದ್ದು 1906ರ ಮಾರ್ಚ್‌ನಲ್ಲಿ, ಶಿಮಾನೆಯ ನಿಯೋಗ ಉಲ್ಲುಂಗ್ ದ್ವೀಪಕ್ಕೆ ಬಂದಾಗ. ಅಷ್ಟರೊಳಗೆ, 1905ರ ನವೆಂಬರ್ ಒಪ್ಪಂದದ ಮೂಲಕ, ಜಪಾನ್ ಕೊರಿಯಾದ ವಿದೇಶಾಂಗ ಅಧಿಕಾರವನ್ನೇ ಕಿತ್ತುಕೊಂಡಿತ್ತು. ಪ್ರತಿಭಟನಾ ಪತ್ರ ಬರೆಯಬೇಕಾದ ಕಚೇರಿಯನ್ನೇ ವಶಪಡಿಸಿಕೊಂಡ ಮೇಲೆ ಪತ್ರ ಬರಲಿಲ್ಲವೆನ್ನುವುದು ಸಮ್ಮತಿಗೆ ಸಾಕ್ಷಿಯಾಗಲಾರದು. ದ್ವೀಪಗಳ ಒಡೆತನಕ್ಕೆ ಎರಡೂ ಕಡೆಯವರು ಮುಂದಿಡುವ ಹಳೆಯ ಆಧಾರಗಳು ಬೇರೆ ಇವೆ, ಅವುಗಳ ತೀರ್ಮಾನ ಈ ಒಂದು ಪದದಿಂದ ಆಗುವಂಥದ್ದಲ್ಲ. ಆದರೆ 1906ರ ಮೌನವನ್ನು 1968ರ ಮಲೇಷ್ಯಾದ ಮೌನದ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ. ಇಂದು ಅಲ್ಲಿ ಕಾವಲಿರುವುದು ದಕ್ಷಿಣ ಕೊರಿಯಾದ್ದು. ಜಪಾನ್ ಮತ್ತೆ ಮತ್ತೆ ಪ್ರತಿಭಟನೆ ಸಲ್ಲಿಸುತ್ತ ಬಂದಿದೆ. ಪತ್ರಿಕೆಗಳಲ್ಲಿ ಇಂಥ ಸುದ್ದಿ ಓದಿ ಬರೀ ಕಾಗದದ ಜಗಳ ಎಂದುಕೊಳ್ಳುವವರಿದ್ದಾರೆ. ಆ ಕಾಗದ ನೆಲವನ್ನು ಮರಳಿ ಕೊಡದಿದ್ದರೂ ಮೌನವೆಂಬ ಆರೋಪ ತಟ್ಟದಂತೆ ಕಾಯುತ್ತದೆ.

‘ಮಾತಾಡಬೇಕಾಗಿದ್ದೂ’ ಎಂಬ ಇನ್ನೊಂದು ಷರತ್ತಿಗೆ ಉದಾಹರಣೆ ಬಿಳಿಗಲ್ಲಿನ ತೀರ್ಪಿನೊಳಗೇ ಇದೆ. ಅದರ ದಕ್ಷಿಣಕ್ಕೆ ಕೇವಲ 0.6 ನಾಟಿಕಲ್ ಮೈಲಿ ದೂರದಲ್ಲಿ ಮಿಡಲ್ ರಾಕ್ಸ್ ಎಂಬ ಬಂಡೆಗಳ ಎರಡು ಗುಂಪುಗಳಿವೆ; ನೀರಿನ ಮೇಲೆ ಒಂದು ಮೀಟರಿನಷ್ಟು ತಲೆಯೆತ್ತಿ ನಿಂತಿರುವ ಕಲ್ಲುಗಳವು. ಅವುಗಳ ಬಗ್ಗೆಯೂ ಜೋಹೋರ್ ಆ ಕಾಲದಲ್ಲಿ ಏನನ್ನೂ ಹೇಳಿರಲಿಲ್ಲ. ಆದರೆ ಅಲ್ಲಿ ಸಿಂಗಪುರ ದೀಪ ಹಚ್ಚಿರಲಿಲ್ಲ, ಧ್ವಜ ನೆಟ್ಟಿರಲಿಲ್ಲ, ಒಡೆತನವಿದೆಯೇ ಎಂದು ಪತ್ರ ಬರೆದು ಕೇಳಿರಲೂ ಇಲ್ಲ. ಉತ್ತರಿಸಬೇಕಾದ ನಡೆಯೇ ಇಲ್ಲದ ಕಡೆ ಉತ್ತರ ಕೊಡಲಿಲ್ಲವೆಂಬ ದೂರಿಗೆ ಎಡೆಯಿಲ್ಲ. ಆ ಕಲ್ಲುಗಳ ಮೂಲ ಒಡೆತನ ಜೋಹೋರಿನಲ್ಲೇ ಉಳಿದಿತ್ತೆಂದು ನ್ಯಾಯಾಲಯ 15–1 ಮತಗಳಿಂದ ಹೇಳಿತು, ಮಿಡಲ್ ರಾಕ್ಸ್ ಮಲೇಷ್ಯಾದ್ದಾಯಿತು.