ಪದ ಪರಿಚಯ: ಕಾರ್ಖಾನೆ ಪದ್ಧತಿ

ಕೆಲಸಗಾರರನ್ನು ಒಂದೇ ಸೂರಿನಡಿ ಸೇರಿಸಿ, ಮಾಲೀಕನಿಗೆ ಸೇರಿದ ಯಂತ್ರಗಳ ಮೇಲೆ, ಅವನು ಗೊತ್ತುಪಡಿಸಿದ ವೇಳೆಯಲ್ಲಿ ಕೂಲಿಗೆ ದುಡಿಸಿ ಸರಕು ತಯಾರಿಸುವ ವ್ಯವಸ್ಥೆಯನ್ನು ಕಾರ್ಖಾನೆ ಪದ್ಧತಿ ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಹತ್ತಿ ಉದ್ಯಮದಲ್ಲಿ ಇದು ಸ್ಪಷ್ಟ ರೂಪ ಪಡೆಯಿತು.

ಅದಕ್ಕೆ ಮುಂಚೆ ಅಲ್ಲಿ ನೂಲುವುದು, ನೇಯುವುದು ಬಹುಮಟ್ಟಿಗೆ ಮನೆಗಳಲ್ಲೇ ನಡೆಯುತ್ತಿತ್ತು. ವರ್ತಕರು ಹತ್ತಿ, ಉಣ್ಣೆ ತಂದುಕೊಡುತ್ತಿದ್ದರು. ಹೆಂಗಸರೂ ಮಕ್ಕಳೂ ನೂತು, ಗಂಡಸರು ನೇಯ್ದು, ಸಿದ್ಧವಾದ ಮಾಲಿನ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು. ಬಡತನ ಆಗಲೂ ಇತ್ತು, ಮಕ್ಕಳ ದುಡಿಮೆಯೂ ಇತ್ತು. ಆದರೂ ಸೋಮವಾರ ಬಿಡುವು ಮಾಡಿಕೊಂಡು ವಾರದ ಕೊನೆಗೆ ಹೆಚ್ಚು ಹೊತ್ತು ದುಡಿದು ಸರಿದೂಗಿಸುವ ಸ್ವಾತಂತ್ರ್ಯ ಅನೇಕ ನೇಕಾರರಿಗಿತ್ತು. ಕಾರ್ಖಾನೆಯು ಕೆಲಸಗಾರರಿಂದ ಕಿತ್ತುಕೊಂಡವುಗಳಲ್ಲಿ ಹೊತ್ತಿನ ಮೇಲಿನ ಈ ಹಿಡಿತವೇ ಎಲ್ಲಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ.

ರಿಚರ್ಡ್ ಆರ್ಕ್‌ರೈಟ್ 1769ರಲ್ಲಿ ನೂಲುವ ಯಂತ್ರಕ್ಕೆ ಪೇಟೆಂಟ್ ಪಡೆದು, ಅದನ್ನು ನೀರಿನ ಬಲದಿಂದ ಓಡಿಸಲು 1771ರಲ್ಲಿ ಡರ್ಬಿಶೈರಿನ ಕ್ರಾಮ್‌ಫರ್ಡ್‌ನಲ್ಲಿ ಗಿರಣಿ ಕಟ್ಟಲು ತೊಡಗಿದ. ಯಂತ್ರಕ್ಕೆ ಹಾಕಿದ ಬಂಡವಾಳ ಒಂದು ಗಳಿಗೆಯೂ ಸುಮ್ಮನೆ ಇರಬಾರದೆಂಬ ಲೆಕ್ಕಾಚಾರದಿಂದ ಅಲ್ಲಿ ಹಗಲೂ ರಾತ್ರಿಯೂ ಪಾಳಿಗಳು ನಡೆದವು, ಗಂಟೆ ಬಾರಿಸಿದಾಗ ಕೆಲಸಗಾರರು ಒಳಗಿರಬೇಕಾಯಿತು. 1780ರ ದಶಕದಲ್ಲಿ ಜೇಮ್ಸ್ ವಾಟ್‌ನ ಉಗಿಯಂತ್ರ ಗಿರಣಿಗಳನ್ನು ಓಡಿಸಲಾರಂಭಿಸಿದ ಮೇಲೆ ನದಿದಂಡೆಯ ಹಂಗು ತಪ್ಪಿ, ಮ್ಯಾಂಚೆಸ್ಟರಿನಂಥ ಊರುಗಳು ಬಲುಬೇಗ ಬೆಳೆದವು.

ಒಣ ಗಾಳಿಯಲ್ಲಿ ನೂಲು ಕಡಿಯುತ್ತದೆ. ಆದ್ದರಿಂದ ಗಿರಣಿಯ ಕಿಟಕಿಗಳನ್ನು ಮುಚ್ಚಿ ಒಳಗೆ ಸೆಕೆಯನ್ನೂ ತೇವವನ್ನೂ ಉಳಿಸುತ್ತಿದ್ದರು. ಹತ್ತಿಯ ದೂಳು ಅದೇ ಗಾಳಿಯಲ್ಲಿ ತೇಲುತ್ತ ಶ್ವಾಸಕೋಶ ಸೇರುತ್ತಿತ್ತು. ತೀರ ಚಿಕ್ಕ ಮಕ್ಕಳು ಓಡುತ್ತಿರುವ ಯಂತ್ರದ ಕೆಳಗೆ ತೆವಳಿ ಬಿದ್ದ ಹತ್ತಿಯನ್ನು ಬಾಚಿ, ಯಂತ್ರದ ಹಿಂದೆ ಮುಂದೆ ಚಲಿಸುವ ಭಾಗ ಹಿಂದಕ್ಕೆ ಸರಿದು ಬರುವಷ್ಟರಲ್ಲಿ ಹೊರಬರಬೇಕಿತ್ತು. ತುಸು ದೊಡ್ಡ ಮಕ್ಕಳು ಕಡಿದ ಎಳೆಗಳನ್ನು ಜೋಡಿಸುತ್ತ ದಿನವಿಡೀ ನಡೆಯುತ್ತಿದ್ದರು. ದಣಿದ ಮಗು ಕ್ಷಣ ತಡಮಾಡಿದರೆ ಬೆರಳೋ ಕೈಯೋ ಹೋಗುತ್ತಿದ್ದುದನ್ನು ಆ ಕೆಲಸದ ಸ್ವರೂಪದಿಂದ ಬೇರ್ಪಡಿಸಿ ಅಪಘಾತವೆಂದಷ್ಟೇ ಕರೆಯುವುದು ನ್ಯಾಯವಲ್ಲ.

ಕೈಮಗ್ಗದವರಿಗೆ ಗಿರಣಿಯ ಅಗ್ಗದ ನೂಲು ಮೊದಲು ಒಳ್ಳೆಯ ದಿನಗಳನ್ನೇ ತಂದಿತ್ತು. ಯಂತ್ರಮಗ್ಗ ಹರಡಿದಂತೆ ಅವರ ಗಳಿಕೆ ಕುಸಿಯಿತು. ಅತ್ತ 1811ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಹೆಣಿಗೆಯವರು ಯಂತ್ರಗಳನ್ನು ಒಡೆಯತೊಡಗಿದಾಗ, ಸರ್ಕಾರ ಮರುವರ್ಷವೇ ಆ ಕೃತ್ಯಕ್ಕೆ ಮರಣದಂಡನೆ ವಿಧಿಸುವ ಕಾನೂನು ತಂದಿತು.

ಮಕ್ಕಳ ರಕ್ಷಣೆಗೆ ಅಷ್ಟು ಅವಸರ ಇರಲಿಲ್ಲ. 1802 ಮತ್ತು 1819ರ ಕಾನೂನುಗಳನ್ನು ಜಾರಿಮಾಡಲು ಸಮರ್ಥ ವ್ಯವಸ್ಥೆಯೇ ಇರಲಿಲ್ಲ. 1833ರ ಕಾಯ್ದೆಯು ರೇಷ್ಮೆ ಗಿರಣಿಗಳನ್ನು ಬಿಟ್ಟು ಉಳಿದ ಜವಳಿ ಗಿರಣಿಗಳಲ್ಲಿ 9 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿ, ತಪಾಸಣೆಗೆ ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. 1847ರಲ್ಲಿ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಬಂದಾಗ, ಕೆಲವು ಮಾಲೀಕರು ಅವರನ್ನು ಸರದಿಯ ಮೇಲೆ ಒಳಗೆ ಹೊರಗೆ ಕಳುಹಿಸುತ್ತ ಯಂತ್ರಗಳನ್ನು ಹೆಚ್ಚು ಹೊತ್ತು ಓಡಿಸಿದರು. ಈ ದಾರಿಯನ್ನು ಮುಚ್ಚಲು 1850ರ ಕಾಯ್ದೆ ಕೆಲಸ ಶುರುವಾಗುವ ಮತ್ತು ಮುಗಿಯುವ ವೇಳೆಯನ್ನೇ ನಿಗದಿಮಾಡಿ, ಶನಿವಾರ ಮಧ್ಯಾಹ್ನ 2 ಗಂಟೆಗೆ ಅವರನ್ನು ಮನೆಗೆ ಬಿಡಬೇಕೆಂದು ವಿಧಿಸಿತು.