ರಸ್ತೆ ತುಂಬ ಗುಂಡಿ, ಕಾರಿನೊಳಗೆ ಮಾತ್ರ ಒಂದೂ ಇಲ್ಲ

ಕಳೆದ ಮಳೆಗಾಲ. ಶಿರಾಡಿ ಘಾಟಿ ಇಳಿಯುತ್ತಿದ್ದೆ, ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟಿತು. ಹಳೇ ಕಾರಾಗಿದ್ದರೆ ಎಡಗೈ ತಾನಾಗೇ ಹೋಗಿ ನಾಬ್ ತಿರುಗಿಸುತ್ತಿತ್ತು. ಹೊಸದರಲ್ಲಿ ಎಸಿ ಪೂರ್ತಿ ಟಚ್‌ಸ್ಕ್ರೀನ್ ಒಳಗೆ ಕೂತಿದೆ. ಮ್ಯಾಪ್ ಸರಿಸಿ, ಎಸಿ ಪುಟ ತೆಗೆದು, ಇನ್ನೇನು ಬೆರಳಿಡಬೇಕು ಅನ್ನುವಾಗ ಚಕ್ರ ಗುಂಡಿಗೆ ಬಿತ್ತು, ಬೆರಳು ಪಕ್ಕಕ್ಕೆ ತಾಗಿತು, ಮಂಜು ಹೋಗುವ ಬದಲು ನನ್ನ ಸೀಟು ತಣ್ಣಗಾಗತೊಡಗಿತು. ಎದುರಿಗೆ ಲಾರಿಯ ಕೆಂಪು ದೀಪ ಮಸುಕು ಮಸುಕು.

ಇದು ಹೊಸ ಗೋಳು ಅಂದುಕೊಂಡಿದ್ದೆ. ಅಲ್ಲ, ಸುಮಾರು 40 ವರ್ಷ ಹಳೇದು. 1986ರಲ್ಲೇ ಅಮೆರಿಕದ ಬ್ಯೂಕ್ ರಿವಿಯೆರಾ ಕಾರಿಗೆ ಟಚ್‌ಸ್ಕ್ರೀನ್ ಬಂದಿತ್ತು. ಹಳೇ ಟೀವಿಯಂಥ ಪಿಕ್ಚರ್ ಟ್ಯೂಬಿನದು. ರೇಡಿಯೋ, ಎಸಿ ಎಲ್ಲ ಅದರಲ್ಲೇ. ರಸ್ತೆಯಿಂದ ಕಣ್ಣು ತೆಗೆಯಬೇಕು ಅಂತ ಜನ ಬೈದರು. 1990ರ ಮಾಡೆಲ್ ಹೊತ್ತಿಗೆ ಅದನ್ನು ಕಿತ್ತೇ ಹಾಕಿದರು.

ಹಾಗಾದ್ರೆ ಮತ್ತೆ ಯಾಕೆ ಬಂತು? ಫೋನಿನಿಂದ ಕೈಗೆ ಟಚ್ ಅಭ್ಯಾಸವಾಗಿತ್ತು. 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಪರದೆ ಇಟ್ಟುಕೊಂಡು ಬಂದಾಗ ಉಳಿದವರ ಕಾರೆಲ್ಲ ಅಜ್ಜನ ಕಾಲದ್ದು ಅನಿಸಿಬಿಟ್ಟಿತು. ಮೇಲಿಂದ 2018ರ ಮೇನಲ್ಲಿ ಅಮೆರಿಕ ಹೊಸ ಕಾರುಗಳಿಗೆಲ್ಲ ರಿವರ್ಸ್ ಕ್ಯಾಮೆರಾ ಕಡ್ಡಾಯ ಮಾಡಿತು. ಹೇಗೂ ಪರದೆ ಇಡಲೇಬೇಕಲ್ಲ, ಒಂದೊಂದು ಗುಂಡಿಗೂ ಅಚ್ಚು, ವೈರು, ಜೋಡಿಸೋ ಕೂಲಿ ಅಂತ ಯಾಕೆ ದುಡ್ಡು ಸುರಿಯಬೇಕು? ಎಲ್ಲವನ್ನೂ ಸಾಫ್ಟ್‌ವೇರಿಗೆ ತಳ್ಳಿದರೆ ಮುಗೀತು. ನಮ್ಮ ತಪ್ಪೂ ಇದೆ ಬಿಡಿ, ಮೊದಲು ಷೋರೂಮಿನಲ್ಲಿ ಮೈಲೇಜ್ ಕೇಳುತ್ತಿದ್ದವರು ಈಗ ಎಷ್ಟು ಇಂಚು ಅಂತ ಕೇಳುತ್ತೇವೆ.

ಸ್ವೀಡನ್ನಿನ ವಿ ಬಿಲ್ಯಾಗರೆ ಅನ್ನೋ ಪತ್ರಿಕೆ 2022ರಲ್ಲಿ ಇದನ್ನು ಅಳೆದೇಬಿಟ್ಟಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ಎಸಿ, ರೇಡಿಯೋ ಥರದ ನಾಲ್ಕು ಕೆಲಸ ಮಾಡಬೇಕು, ಅಷ್ಟೇ. ಗುಂಡಿಗಳಿದ್ದ 2005ರ ವೋಲ್ವೋ ವಿ70ಯಲ್ಲಿ 10 ಸೆಕೆಂಡಿಗೆ ಮುಗೀತು, ಅಷ್ಟರಲ್ಲಿ ಕಾರು 306 ಮೀಟರ್ ಓಡಿತ್ತು. ಹೊಸಾ ಎಂಜಿ ಮಾರ್ವೆಲ್ ಆರ್‌ನಲ್ಲಿ 44.6 ಸೆಕೆಂಡ್. ಅಂದರೆ ಹತ್ತಿರ ಹತ್ತಿರ 1.4 ಕಿ.ಮೀ. ದೂರ ಅರ್ಧ ಗಮನ ಪರದೆ ಮೇಲೆ!

ಯುದ್ಧನೌಕೆಯವರಿಗೂ ಇದೇ ಪಾಡು. 2017ರಲ್ಲಿ ಸಿಂಗಾಪುರದ ಹತ್ತಿರ ಅಮೆರಿಕದ ಜಾನ್ ಎಸ್. ಮೆಕೇನ್ ಹಡಗು ಟ್ಯಾಂಕರಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತರಬೇತಿ ಸಾಲದ್ದರ ಜೊತೆಗೆ ಟಚ್‌ಸ್ಕ್ರೀನ್ ಕಂಟ್ರೋಲಿನ ಗೊಂದಲವೂ ತನಿಖೆಯಲ್ಲಿ ಹೊರಬಂತು. ಎರಡು ವರ್ಷದ ಮೇಲೆ ನೌಕಾಪಡೆ, ವೇಗ ಹೆಚ್ಚುಕಮ್ಮಿ ಮಾಡಲು ಕೈಯಲ್ಲಿ ಹಿಡಿದು ತಳ್ಳುವ ಥ್ರಾಟಲ್ಲೇ ವಾಪಸ್ ಬರಲಿ ಅಂದಿತು.

ಕಾರಿನವರೂ ತಿರುಗುತ್ತಿದ್ದಾರೆ. ವಾಲ್ಯೂಮ್, ಫ್ಯಾನ್, ಹಜಾರ್ಡ್ ಲೈಟಿಗೆಲ್ಲ ನಿಜವಾದ ಗುಂಡಿ ಕೊಡ್ತೀವಿ ಅಂತ ಫೋಕ್ಸ್‌ವ್ಯಾಗನ್ 2025ರಲ್ಲಿ ಹೇಳಿತು. 2026ರಿಂದ ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡೋ ಯುರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಕೈಗೆ ಸಿಗುವ ಸ್ವಿಚ್ ಇಲ್ಲದಿದ್ದರೆ ಅಂಕ ಹೋಗುತ್ತದೆ.

ನನ್ನ ಕಾರಿಗೆ ಇದರಿಂದೇನೂ ಉಪಯೋಗವಿಲ್ಲ, ಇಎಂಐ ಇನ್ನೂ ಬಾಕಿ. ಈಗೀಗ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದಾಗಲೇ ಗಾಜಿನ ಮಂಜು ತೆಗೆಯುವ ಡಿಫಾಗರ್ ಹಾಕಿಕೊಂಡು ಘಾಟಿ ಇಳಿಯುತ್ತೇನೆ.